ಕೈ ಬಿತ್ತು, ಗಾಡಿ ಬಂತು



ನಮ್ಮ ಗಡಿಭಾಗದ ಹಳೆಯ ತಲೆಗಳು ಸ್ಟೇಷನ್ನಿನ ಕಟ್ಟೆಯ ಮೇಲೆ ಗಾಡಿಗಾಗಿ ಕಾಯುವಾಗ ಗಡಿಯಾರ ನೋಡುತ್ತಿರಲಿಲ್ಲ, ಕೈಮರ ನೋಡುತ್ತಿದ್ದರು. ದೂರದ ಕಂಬದ ತುದಿಯಲ್ಲಿ ಅಡ್ಡಲಾಗಿ ಚಾಚಿದ್ದ ಕೆಂಪು ಪಟ್ಟಿ ಕೆಳಕ್ಕೆ ಬಾಗಿತೆಂದರೆ ಸಾಕು, "ಕೈ ಬಿತ್ತು, ಏಳ್ರಿ" ಎಂದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಮಗ್ಗುಲಲ್ಲಿ ಕೂತ ಮರಾಠಿ ಮಾತಿನವರು ಅದನ್ನೇ "ಸಿಗ್ನಲ್ ಪಡ್ಲಾ" ಅನ್ನುತ್ತಿದ್ದರು. ಭಾಷೆ ಎರಡು, ಕ್ರಿಯಾಪದ ಒಂದೇ. ಬೀಳುವುದೆಂದರೆ ದಾರಿ ಸಿಗುವುದು.

ತಮಾಷೆಯ ಸಂಗತಿಯೆಂದರೆ ಈಗ ಪಟ್ಟಣದ ಚೌಕದಲ್ಲಿ ಆಟೋದವರು "ಸಿಗ್ನಲ್ ಬಿತ್ತು" ಎಂದು ಬ್ರೇಕ್ ಒತ್ತುತ್ತಾರೆ. ಅಲ್ಲಿ ಬಿತ್ತು ಅಂದರೆ ಕೆಂಪು ಬಂತು, ನಿಲ್ಲು ಎಂದು. ಅಜ್ಜನ ಬಾಯಲ್ಲಿ "ಹೋಗು" ಎಂದಿದ್ದ ಮಾತು ಮೊಮ್ಮಗನ ಬಾಯಲ್ಲಿ "ನಿಲ್ಲು" ಎಂದಾಗಿದೆ. ಭಾಷಾಶಾಸ್ತ್ರದವರು ಇದನ್ನು ಅರ್ಥ ಬದಲಾವಣೆ ಅನ್ನಬಹುದು. ಆದರೆ ರೈಲ್ವೆಯ ಇತಿಹಾಸದಲ್ಲೂ ಇಂಥದೇ ಒಂದು ತಿರುವು ಬಂದಿದೆ, ಅದರ ಹಿಂದೆ ಜನ ಸತ್ತ ಕಥೆಯಿದೆ. ಕೈ ಬಿದ್ದರೆ ಏನರ್ಥ ಎಂಬುದು ಎಂಜಿನ್ನಿನ ಮೇಲೆ ನಿಂತವರಿಗೆ ಬದುಕು ಸಾವಿನ ಪ್ರಶ್ನೆ.

ನಮಗೆ, ಅಂದರೆ ಪ್ರಯಾಣಿಕರಿಗೆ, ಸಿಗ್ನಲ್ ಎಂದರೆ ಗಾಡಿ ಬರುತ್ತದೆ ಎಂಬ ಸುದ್ದಿ, ಅಷ್ಟೇ. ಗಾಡಿ ನಡೆಸುವವರಿಗೆ ಅದು ಬೇರೆ. ಎತ್ತಿನ ಗಾಡಿಯವನು ಎದುರಿಗೆ ಹಳ್ಳ ಕಂಡರೆ ಹಗ್ಗ ಜಗ್ಗಿ ನಿಲ್ಲಿಸುತ್ತಾನೆ. ಅವನಿಗೆ ಕಣ್ಣು ಸಾಕು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವ ರೈಲಿಗೆ ಬ್ರೇಕ್ ಹಾಕಿದರೆ ಅದು ಪೂರ್ತಿ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುತ್ತದೆ, ಹಿಡಿತ ಕಡಿಮೆ, ಹಿಂದೆ ಸಾವಿರ ಟನ್ ಭಾರ. ರಾತ್ರಿ ಹೆಡ್‌ಲೈಟಿನಲ್ಲಿ ಕಾಣುವುದು ಅದರ ಅರ್ಧದಷ್ಟು ದೂರವೂ ಇಲ್ಲ. ತಿರುವಿನಲ್ಲಿ ಇನ್ನೂ ಕಡಿಮೆ. ಹೀಗಾಗಿ ರೈಲು ನಡೆಸುವವನು ತನ್ನ ಕಣ್ಣನ್ನು ನಂಬಿ ನಡೆಸಲಾರ. ಮುಂದೆ ಹಳಿ ಖಾಲಿ ಇದೆ ಎಂದು ತಾನು ಕಾಣದ ಯಾರೋ ಕೊಟ್ಟ ಮಾತನ್ನು ನಂಬಿ ನಡೆಸುತ್ತಾನೆ. ಆ ಮಾತೇ ಸಿಗ್ನಲ್. ಕುರನೂರ ಆಣೆಕಟ್ಟಿನಿಂದ ಬೋರಿ ಹೊಳೆಗೆ ನೀರು ಬಿಡುವ ಮುಂಚೆ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸುತ್ತಾರಲ್ಲ, ಹಾಗೆ. ನೀರು ಕಣ್ಣಿಗೆ ಬಿದ್ದ ಮೇಲೆ ಓಡುತ್ತೇನೆ ಎಂದರೆ ಆಗದು.

ನಮ್ಮ ಹಳಿಯ ಕಥೆಗೆ ಬರೋಣ. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಗಾಡಿ ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ, ಜನರ ಬಾಯಲ್ಲಿ ಜಿ.ಐ.ಪಿ., 1860ರಲ್ಲಿ ಸೊಲ್ಲಾಪುರ ಮುಟ್ಟಿತು. ಅಲ್ಲಿಂದ ಹೋಟಗಿ, ಅಕ್ಕಲಕೋಟ ರೋಡ್, ದುಧನಿ, ಕಲಬುರಗಿ, ವಾಡಿ ದಾಟಿ 1871ರಲ್ಲಿ ರಾಯಚೂರಿಗೆ ಹೋಗಿ ಮದ್ರಾಸ್ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಆ ಕಾಲದ ನಕ್ಷೆ ಬಿಡಿಸಿ ನೋಡಿದರೆ ಈ ಹಳಿ ಮೂರು ಆಳ್ವಿಕೆಗಳನ್ನು ಹಾದು ಹೋಗುತ್ತಿತ್ತು. ಸೊಲ್ಲಾಪುರ ಇಂಗ್ಲಿಷರದು, ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನ, ಕಲಬುರಗಿ ನಿಜಾಮರದು. ಕಾಯಿದೆ ಬೇರೆ, ಕಚೇರಿಯ ಭಾಷೆ ಬೇರೆ. ಆದರೆ ಕೈಮರ ಮಾತ್ರ ಮೂರೂ ಕಡೆ ಒಂದೇ ಮಾತು ಹೇಳುತ್ತಿತ್ತು. ಈಗಲೂ ದುಧನಿ ದಾಟಿ ಗಾಣಗಾಪುರ ರೋಡಿನ ಕಡೆ ಹೋದರೆ ಸ್ಟೇಷನ್ ಫಲಕದ ಮೇಲಿನ ಲಿಪಿ ಬದಲಾಗುತ್ತದೆ, ಸಿಗ್ನಲಿನದು ಬದಲಾಗುವುದಿಲ್ಲ.

ಹೋಟಗಿಯ ಕಥೆ ಇನ್ನೂ ಸ್ವಾರಸ್ಯದ್ದು. 1876ರಿಂದ 78ರವರೆಗಿನ ಭೀಕರ ಬರ ವಿಜಾಪುರ, ಸೊಲ್ಲಾಪುರ ಸೀಮೆಯನ್ನು ಸುಟ್ಟು ಬೂದಿ ಮಾಡಿತು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಹಳಿಯಿರಲಿಲ್ಲ. ಆ ಬರದ ಪಾಠವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದು 1880ರ ದಶಕದಲ್ಲೇ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ ಮೇಲೆ ಗದಗಿಗೆ ಮೀಟರ್ ಗೇಜ್ ಹಳಿ ಹಾಕಿತು. ಜಿ.ಐ.ಪಿ.ಯ ಹಳಿಯ ಅಗಲ 1676 ಮಿಲಿಮೀಟರ್, ಇದರದು ಬರೀ 1000. ಒಂದರ ಗಾಡಿ ಇನ್ನೊಂದರ ಮೇಲೆ ಹೋಗದು. ಹೋಟಗಿಯಲ್ಲಿ ಹಮಾಲರು ಈ ಡಬ್ಬಿಯಿಂದ ಆ ಡಬ್ಬಿಗೆ ಚೀಲ ಹೊರಬೇಕಾಗಿತ್ತು. ಒಂದೇ ಸ್ಟೇಷನ್, ಎರಡು ಕಂಪನಿ, ಎರಡು ಅಳತೆ. ಈ ಶತಮಾನದ ಮೊದಲ ದಶಕದಲ್ಲಿ ಆ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆಯಿತು.

ಇನ್ನು ಕೈಮರದ ಹುಟ್ಟು. 1790ರ ದಶಕದಲ್ಲಿ ಫ್ರಾನ್ಸ್ ದೇಶದಲ್ಲಿ ಶಾಪ್ ಎಂಬವನು ಗುಡ್ಡಗಳ ಮೇಲೆ ಗೋಪುರ ಕಟ್ಟಿ, ಅವುಗಳ ಮೇಲೆ ಮರದ ತೋಳುಗಳನ್ನು ಹೂಡಿ, ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವ ಏರ್ಪಾಡು ಮಾಡಿದ್ದ. ಅದೇ ತೋಳನ್ನು 1840ರ ದಶಕದ ಆರಂಭದಲ್ಲಿ ಚಾರ್ಲ್ಸ್ ಹಟನ್ ಗ್ರೆಗರಿ ಎಂಬ ಇಂಗ್ಲಿಷ್ ಎಂಜಿನಿಯರ್ ಲಂಡನ್ ಬಳಿ ರೈಲು ಹಳಿಯ ಪಕ್ಕಕ್ಕೆ ತಂದು ನಿಲ್ಲಿಸಿದ. ಮನುಷ್ಯ ಕೈ ಅಡ್ಡ ಚಾಚಿದರೆ ನಿಲ್ಲು, ಇಳಿಸಿದರೆ ಹೋಗು. ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ನಮ್ಮವರು ಅದಕ್ಕೆ ಕೈಮರ ಎಂದು ಹೆಸರಿಟ್ಟದ್ದು ಎಷ್ಟು ಸರಿ ನೋಡಿ. ಯಾವ ನಿಘಂಟೂ ಇದಕ್ಕಿಂತ ಒಳ್ಳೆಯ ಶಬ್ದ ಕೊಡಲಾರದು.

ಹಗಲು ಕೈ, ರಾತ್ರಿ ದೀಪ. ಕೈಯ ಬುಡದಲ್ಲಿ ಕೆಂಪು, ಹಸಿರು ಗಾಜುಗಳ ಒಂದು ಚೌಕಟ್ಟು ಇರುತ್ತಿತ್ತು. ರೈಲ್ವೆಯವರು ಅದನ್ನು ಕನ್ನಡಕ ಎಂಬ ಅರ್ಥದ ಇಂಗ್ಲಿಷ್ ಶಬ್ದದಿಂದಲೇ ಕರೆಯುತ್ತಿದ್ದರು. ಅದರ ಹಿಂದೆ ಸೀಮೆಎಣ್ಣೆಯ ದೀಪ. ಕೈ ಅಡ್ಡಲಾಗಿದ್ದರೆ ದೀಪದ ಮುಂದೆ ಕೆಂಪು ಗಾಜು, ಬಾಗಿದರೆ ಹಸಿರು. ಸಂಜೆಗೆ ಲ್ಯಾಂಪ್‌ಮನ್ ದೀಪ ಹಿಡಿದು ನಡೆದು, ಏಣಿ ಹತ್ತಿ ಅದನ್ನು ಇಟ್ಟು ಬರಬೇಕು. ಮಳೆಯಿರಲಿ, ಗಾಳಿಯಿರಲಿ, ತಪ್ಪಿಸುವಂತಿಲ್ಲ. ದೀಪದ ಬೆನ್ನಿಗೆ ಒಂದು ಸಣ್ಣ ಕಿಂಡಿ ಇರುತ್ತಿತ್ತು. ಅಲ್ಲಿಂದ ಬರುವ ಬಿಳಿ ಚುಕ್ಕೆಯನ್ನು ನೋಡಿ ದೀಪ ಉರಿಯುತ್ತಿದೆ, ಕೈ ಅಡ್ಡಲೇ ಇದೆ ಎಂದು ಸ್ಟೇಷನ್ ಮಾಸ್ತರರು ಕೂತಲ್ಲಿಂದಲೇ ತಿಳಿಯುತ್ತಿದ್ದರು. ಕೈ ಬಿದ್ದರೆ ಆ ಚುಕ್ಕೆ ಮರೆಯಾಗುತ್ತಿತ್ತು.

ಒಂದೊಂದು ಸ್ಟೇಷನ್ನಿಗೆ ಒಂದಲ್ಲ, ಸಾಲಾಗಿ ಹಲವು ಕೈಮರಗಳು. ಬರುವ ಗಾಡಿಗೆ ಮೊದಲು ಸಿಗುವುದು ಔಟರ್, ಆಮೇಲೆ ಹೋಮ್. ಬಿಡುವ ಗಾಡಿಗೆ ಸ್ಟಾರ್ಟರ್, ದೊಡ್ಡ ಸ್ಟೇಷನ್ನಾದರೆ ಅದರಾಚೆ ಅಡ್ವಾನ್ಸ್ಡ್ ಸ್ಟಾರ್ಟರ್. ಔಟರಿನ ಕಂಬದ ಮೇಲೆ ಕೆಲವೆಡೆ ಎರಡು ಕೈ ಕಾಣುತ್ತಿದ್ದವು. ಮೇಲಿನದು ಚೌಕ ತುದಿಯದು, ಕೆಳಗಿನದರ ತುದಿ ಮೀನಿನ ಬಾಲದಂತೆ ಸೀಳಿದ್ದು. ಆ ಮೀನಬಾಲಕ್ಕೆ ವಾರ್ನರ್ ಎಂದು ಹೆಸರು. ಅದು ತಾನಾಗಿ ನಿಲ್ಲಿಸುವುದಿಲ್ಲ, ಮುಂದಿನ ಸಮಾಚಾರ ಹೇಳುತ್ತದೆ. ಎರಡೂ ಕೈ ಬಿದ್ದರೆ, ಎಲ್ಲ ಸಿಗ್ನಲ್ಲುಗಳೂ ಬಿದ್ದಿವೆ, ನೇರ ಹಳಿಯಲ್ಲಿ ನಿಲ್ಲದೆ ಸ್ಟೇಷನ್ ದಾಟಿ ಹೋಗು. ಮೇಲಿನದು ಬಿದ್ದು ಮೀನಬಾಲ ಅಡ್ಡಲೇ ಇದ್ದರೆ, ಬಾ, ಆದರೆ ಮುಂದೆ ನಿಲ್ಲಲು ತಯಾರಾಗಿ ಬಾ. ಕಟ್ಟೆಯ ಮೇಲೆ ಕೂತ ಅನುಭವಸ್ಥರಿಗೂ ಈ ಲೆಕ್ಕ ಗೊತ್ತಿರುತ್ತಿತ್ತು. ಜೋಡಿ ಕೈ ಬಿತ್ತೆಂದರೆ ಅದು ಮೇಲು ಗಾಡಿ, ನಮ್ಮೂರಲ್ಲಿ ನಿಲ್ಲುವುದಿಲ್ಲ, ಏಳುವ ಅವಸರ ಬೇಡ.

ಈ ಕೈಯನ್ನು ಇಳಿಸುವುದು ತಂತಿ. ಸ್ಟೇಷನ್ನಿನಲ್ಲೋ ಕ್ಯಾಬಿನ್ನಿನಲ್ಲೋ ಲಿವರ್ ಜಗ್ಗಿದರೆ, ಹಳಿಯ ಪಕ್ಕದ ಗಿಡ್ಡ ಗೂಟಗಳ ರಾಟೆಗಳ ಮೇಲೆ ಹಾದು ಹೋದ ತಂತಿ ದೂರದ ಕೈಯನ್ನು ಎಳೆಯುತ್ತಿತ್ತು. ನಮ್ಮ ಬಿಸಿಲಿಗೂ ಈ ತಂತಿಗೂ ಆಗಿಬರುತ್ತಿರಲಿಲ್ಲ. ಕಬ್ಬಿಣ ಕಾದರೆ ಉದ್ದವಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. 800 ಮೀಟರ್ ತಂತಿ ನಸುಕಿನಿಂದ ಮಧ್ಯಾಹ್ನಕ್ಕೆ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 19 ಸೆಂಟಿಮೀಟರ್, ಅಂದರೆ ಒಂದು ಗೇಣು ಉದ್ದವಾಗುತ್ತದೆ. ಸೊಲ್ಲಾಪುರದ ಮೇ ತಿಂಗಳಲ್ಲಿ 20 ಡಿಗ್ರಿ ಏನು ದೊಡ್ಡದಲ್ಲ. ಆಗ ಲಿವರ್ ಪೂರ್ತಿ ಜಗ್ಗಿದರೂ ಕೈ ಅರ್ಧಕ್ಕೇ ನಿಂತುಬಿಡುತ್ತದೆ. ರಾತ್ರಿ ತಂಪಿಗೆ ತಂತಿ ಬಿಗಿದುಕೊಂಡರೆ ಯಾರೂ ಜಗ್ಗದೆಯೇ ಕೈ ತುಸು ಬಾಗಬಹುದು. ಹೀಗಾಗಿ ಹಗಲಿಗೊಮ್ಮೆ, ರಾತ್ರಿಗೊಮ್ಮೆ ತಿರುಪು ತಿರುಗಿಸಿ ತಂತಿಯನ್ನು ಹದಕ್ಕೆ ತರಬೇಕಾಗುತ್ತಿತ್ತು. ಕುರಿಹಿಂಡು ಹಾಯ್ದರೂ, ಹುಡುಗರು ಆಟಕ್ಕೆ ತಂತಿಯ ಮೇಲೆ ಕಾಲಿಟ್ಟರೂ ದೂರದಲ್ಲಿ ಕೈ ನಡುಗುತ್ತಿತ್ತು.

ಅರ್ಧ ಬಿದ್ದ ಕೈ ಕಂಡರೆ ಡ್ರೈವರ್ ಏನು ಮಾಡಬೇಕು? ದೀಪ ಆರಿಹೋಗಿ ಕಂಬ ಕತ್ತಲಲ್ಲಿದ್ದರೆ? ರೈಲ್ವೆಯ ನಿಯಮ ಈ ಬಗ್ಗೆ ಗೊಂದಲವಿಲ್ಲದೆ ಹೇಳುತ್ತದೆ: ಸಿಗ್ನಲ್ ಇರಬೇಕಾದ ಕಡೆ ಕಾಣದಿದ್ದರೆ, ಅಥವಾ ಸರಿಯಾಗಿ ತೋರಿಸದಿದ್ದರೆ, ಅದು ಹೇಳಬಹುದಾದ ಅತ್ಯಂತ ಬಿಗಿಯಾದ ಮಾತನ್ನೇ ಹೇಳಿದೆ ಎಂದು ತಿಳಿಯಬೇಕು. ಅಂದರೆ ಮೌನವೂ "ನಿಲ್ಲು" ಎಂದೇ ಅರ್ಥ. ನಮ್ಮ ಮನೆಗಳಲ್ಲಿ ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವೆ. ರೈಲ್ವೆಯಲ್ಲಿ ಮೌನ ಸಮ್ಮತಿಯಲ್ಲ.

ಈ ಬುದ್ಧಿ ಮೊದಲಿನಿಂದ ಇದ್ದದ್ದಲ್ಲ, ಕೆಟ್ಟು ಕಲಿತದ್ದು. 1876ರ ಜನವರಿ 21ರಂದು ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ ಭಾರೀ ಹಿಮ ಬೀಳುತ್ತಿತ್ತು. ಅಲ್ಲಿ ಆಗಿನ ಪದ್ಧತಿಯಂತೆ ಕೈಗಳು ಸದಾ ಬಿದ್ದೇ ಇರುತ್ತಿದ್ದವು, ಬೇಕಾದಾಗ ಮಾತ್ರ ಎತ್ತಿ ಗಾಡಿ ನಿಲ್ಲಿಸುವುದು. ಅಂದು ತಂತಿಗೂ ಕೈಗೂ ಹಿಮ ಮೆತ್ತಿಕೊಂಡು, ಒಳಗೆ ಲಿವರ್ ತಿರುಗಿಸಿದರೂ ಹೊರಗೆ ಕೈ ಏಳಲಿಲ್ಲ. ಸಿಗ್ನಲ್‌ಮನ್ "ನಿಲ್ಲು" ಎಂದಿದ್ದ, ಕೈ "ಹೋಗು" ಎಂದೇ ಹೇಳುತ್ತಿತ್ತು. ಎಕ್ಸ್‌ಪ್ರೆಸ್ ಗಾಡಿ ಕಲ್ಲಿದ್ದಲಿನ ಗಾಡಿಗೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಎದುರಿನಿಂದ ಇನ್ನೊಂದು ಎಕ್ಸ್‌ಪ್ರೆಸ್ ಬಂದು ಆ ರಾಶಿಗೆ ನುಗ್ಗಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅಂದಿನಿಂದ ಪದ್ಧತಿ ತಿರುಗುಮುರುಗಾಯಿತು. ಕೈ ಸದಾ ಅಡ್ಡಲಾಗಿಯೇ ಇರಬೇಕು, ಹಳಿ ಖಾಲಿ ಎಂದು ಖಾತ್ರಿಯಾದ ಮೇಲೆ ಮಾತ್ರ ಇಳಿಸಬೇಕು. ತಂತಿ ಹರಿದರೂ ಕೈ ತಾನಾಗಿ ಅಡ್ಡಕ್ಕೆ ಬರುವಂತೆ ಭಾರದ ತೂಕ ಕಟ್ಟಬೇಕು.

ದೀಪದ ಬಣ್ಣವೂ ಹಾಗೆಯೇ ಬದಲಾಯಿತು. ಮೊದಮೊದಲು ಬಿಳಿ ಬೆಳಕೆಂದರೆ ಹೋಗು, ಹಸಿರೆಂದರೆ ಜೋಕೆ, ಕೆಂಪೆಂದರೆ ನಿಲ್ಲು. ಆದರೆ ಕೆಂಪು ಗಾಜು ಒಡೆದು ಬಿದ್ದರೆ ಉಳಿಯುವುದು ಬಿಳಿಯ ದೀಪ, ಅಂದರೆ ಒಡೆದ ಸಿಗ್ನಲ್ "ಹೋಗು" ಎನ್ನುತ್ತದೆ! ಯಾರದೋ ಮನೆಯ ಕಂದೀಲೂ "ಹೋಗು" ಎನ್ನಬಹುದು. ಅದಕ್ಕೇ ಬ್ರಿಟನ್ನಿನಲ್ಲಿ 1890ರ ದಶಕದಲ್ಲಿ ಹಸಿರನ್ನೇ "ಹೋಗು" ಎಂದು ಮಾಡಿ ಬಿಳಿಯನ್ನು ಕೈಬಿಟ್ಟರು. ಮುಂದೆ ಕೆಳಕ್ಕೆ ಬಾಗುವ ಕೈಯ ಬದಲು ಮೇಲಕ್ಕೆ ಏಳುವ ಕೈಯನ್ನು ತಂದರು. ನಮ್ಮ ದೇಶದಲ್ಲೂ ಬಹಳ ಕಡೆ ಬಂತು. ಅದರಲ್ಲಿ ತಂತಿ ಹರಿದರೆ ಭೂಮಿಯ ಸೆಳೆತಕ್ಕೆ ಕೈ ತಾನಾಗಿ ಅಡ್ಡಕ್ಕೆ ಬೀಳುತ್ತದೆ, ಅಂದರೆ "ನಿಲ್ಲು". ಆಟೋದವರು ಹೇಳುವ "ಸಿಗ್ನಲ್ ಬಿತ್ತು" ಇಲ್ಲಿ ಸರಿಯಾಯಿತು ನೋಡಿ.

ಸಿಗ್ನಲ್ ಇಳಿಸುವವನಿಗೂ ಸ್ವಾತಂತ್ರ್ಯ ಕೊಡಬಾರದು ಎಂಬುದು ಇನ್ನೊಂದು ಎಚ್ಚರ. ಕಾಟೇವಾಲಾ ಹಳಿಯ ಕೂಡುಕೊಂಡಿಯನ್ನು ಪಕ್ಕದ ಹಳಿಗೆ ತಿರುಗಿಸಿದ್ದು, ಅತ್ತ ಕೈ ನೇರ ಹಳಿಗೆ ಬಿದ್ದರೆ ಅನಾಹುತ. ಅದಕ್ಕೆ ಲಿವರುಗಳನ್ನು ಒಂದಕ್ಕೊಂದು ಬೀಗ ಹಾಕಿದಂತೆ ಹೆಣೆದರು. ಕೂಡುಕೊಂಡಿ ಸರಿಯಾಗಿ ಕೂತು ಬೀಗ ಬಿದ್ದ ಹೊರತು ಸಿಗ್ನಲಿನ ಲಿವರ್ ಅಲುಗುವುದೇ ಇಲ್ಲ. ಇಂಟರ್‌ಲಾಕಿಂಗ್ ಎಂಬ ಈ ಏರ್ಪಾಡು ನಮ್ಮ ದೇಶದಲ್ಲಿ 1890ರ ದಶಕದಲ್ಲಿ ಲಿಸ್ಟ್ ಮತ್ತು ಮೋರ್ಸ್ ಎಂಬ ಇಬ್ಬರು ರೈಲ್ವೆ ನೌಕರರ ಕೈಚಳಕದಿಂದ ಉತ್ತರದ ಹಳಿಗಳಲ್ಲಿ ಬೇರೂರಿತು.

ಒಂಟಿ ಹಳಿಯಲ್ಲಿ ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಿತ್ತು. ಎದುರುಬದುರು ಎರಡು ಗಾಡಿ ಹೊರಟರೆ ಯಾವ ಕೈಮರವೂ ಕಾಯದು. ಅದಕ್ಕೇ "ಲೈನ್ ಕ್ಲಿಯರ್". ಈಗ ಹುಡುಗ ಹುಡುಗಿಯ ಮನೆಯವರು ಒಪ್ಪಿದರೂ ನಾವು ಲೈನ್ ಕ್ಲಿಯರ್ ಎನ್ನುತ್ತೇವೆ, ಆದರೆ ಅದರ ಮೂಲ ಈ ಹಳಿ. ಎರಡು ಸ್ಟೇಷನ್ನುಗಳಲ್ಲಿ ತಂತಿಯಿಂದ ಜೋಡಿಸಿದ ಎರಡು ಪೆಟ್ಟಿಗೆ. ಒಬ್ಬ ಮಾಸ್ತರರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು, ಆಗ ಒಂದು ಪೆಟ್ಟಿಗೆಯಿಂದ ಒಂದೇ ಒಂದು ಲೋಹದ ಚೆಂಡು ಹೊರಬೀಳುತ್ತದೆ. ಅದನ್ನು ಮತ್ತೆ ಯಾವುದಾದರೂ ಪೆಟ್ಟಿಗೆಗೆ ಹಾಕುವ ತನಕ ಎರಡನೆಯ ಚೆಂಡು ಬರುವುದಿಲ್ಲ. ನೀಲ್ಸ್ ಟೋಕನ್ ಎಂದು ಅದರ ಹೆಸರು. ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲಕ್ಕೆ ದೊಡ್ಡ ಬಳೆಯಂಥ ಹಿಡಿಕೆ ಕಟ್ಟಿ, ಪಾಯಿಂಟ್ಸ್‌ಮನ್ ಕಟ್ಟೆಯ ತುದಿಯಲ್ಲಿ ಎತ್ತಿ ಹಿಡಿಯುತ್ತಿದ್ದ. ಓಡುವ ಎಂಜಿನ್ನಿನಿಂದ ಫೈರ್‌ಮನ್ ತೋಳು ಚಾಚಿ ಬಳೆಯೊಳಗೆ ಕೈ ತೂರಿಸಿ ಹಿಡಿಯುತ್ತಿದ್ದ, ಹಿಂದಿನ ದಾರಿಯ ಚೆಂಡನ್ನು ಕೆಳಗೆ ಎಸೆಯುತ್ತಿದ್ದ. ಚೆಂಡು ಕೈಯಲ್ಲಿದ್ದರೆ ಮುಂದಿನ ಸ್ಟೇಷನ್ನಿನವರೆಗೆ ಹಳಿ ನಿನ್ನದು. ಕೈ ಬಿದ್ದಿದ್ದರೂ ಚೆಂಡಿಲ್ಲದೆ ಮುಂದೆ ಹೋಗುವಂತಿಲ್ಲ. ಗಾಡಿ ದಾಟುವಾಗ ಕೊನೆಯ ಡಬ್ಬಿಯ ಬೆನ್ನಿನ ಗುರುತು ನೋಡುವುದೂ ಸ್ಟೇಷನ್ನಿನವರ ಕರ್ತವ್ಯ. ಗುರುತು ಕಂಡರೆ ಗಾಡಿ ಪೂರ್ತಿ ಬಂದಿದೆ, ನಡುವೆ ಕಳಚಿಕೊಂಡು ಹಿಂದೆ ಡಬ್ಬಿ ಉಳಿದಿಲ್ಲ ಎಂದರ್ಥ.

ಈ ಮಾತುಕತೆಯನ್ನು ತಂತಿಯ ಮೇಲೆ ಕಟ್ಟಕಡ ಕುಟ್ಟುತ್ತಿದ್ದವರು ಸಿಗ್ನಲರ್ ಎಂಬ ತಾರಿನ ನೌಕರರು. 1899ರ ಮೇ ತಿಂಗಳಲ್ಲಿ ಜಿ.ಐ.ಪಿ.ಯ ಸಿಗ್ನಲರುಗಳು ಸಂಬಳ, ಕೆಲಸದ ನಿಯಮಗಳು, ಹೆಚ್ಚುವರಿ ದುಡಿಮೆಯ ವಿಷಯಕ್ಕಾಗಿ ಮುಷ್ಕರ ಹೂಡಿದರು. ಲೋಕಮಾನ್ಯ ತಿಲಕರು ತಮ್ಮ ಪತ್ರಿಕೆಗಳಲ್ಲಿ ಅವರ ಪರ ನಿಂತರು. ನಮ್ಮ ದೇಶದ ಕಾರ್ಮಿಕ ಚಳವಳಿಯ ಇತಿಹಾಸ ಬರೆಯುವವರು ಗಿರಣಿಯಿಂದ ಶುರುಮಾಡುತ್ತಾರೆ. ಸೊಲ್ಲಾಪುರದವರಿಗೆ ಗಿರಣಿಯ ಮೇಲೆ ಪ್ರೀತಿ ಇರುವುದು ಸಹಜ. ಆದರೆ ಈ ತಾರಿನ ಬಾಬುಗಳಿಗೂ ಒಂದು ಪುಟ ಸಲ್ಲಬೇಕು ಎಂದು ನನ್ನ ಅಭಿಪ್ರಾಯ.

ಗಿರಣಿಯ ಮಾತು ಬಂದದ್ದರಿಂದ ನೂಲಿನ ಒಂದು ಸಂಗತಿ. ಕೆಂಪು ಹಸಿರು ಬೇರೆ ಮಾಡಿ ಕಾಣದ ಕಣ್ಣುಗಳಿವೆ, ಅವು ಹುಟ್ಟಿನಿಂದಲೇ ಹಾಗೆ. 1875ರಲ್ಲಿ ಸ್ವೀಡನ್ ದೇಶದ ಲಾಗರ್‌ಲುಂಡಾ ಎಂಬಲ್ಲಿ ಗಾಡಿಗಳು ಡಿಕ್ಕಿ ಹೊಡೆದಾಗ, ಹೋಮ್‌ಗ್ರೆನ್ ಎಂಬ ವೈದ್ಯ ವಿಜ್ಞಾನಿಗೆ ಇದು ಬಣ್ಣಗುರುಡಿನ ಕೆಲಸವಿರಬಹುದು ಅನ್ನಿಸಿತು. ಅವನು ಬಣ್ಣಬಣ್ಣದ ಉಣ್ಣೆಯ ಲಡಿಗಳನ್ನು ಮೇಜಿನ ಮೇಲೆ ಹರವಿ, ಒಂದನ್ನು ತೋರಿಸಿ, ಇದರ ಜೊತೆಯವನ್ನು ಆರಿಸು ಎಂದು ರೈಲ್ವೆ ನೌಕರರಿಗೆ ಹೇಳಿದ. ಹೆಸರು ಹೇಳಬೇಕಿಲ್ಲ, ಓದು ಬರಹ ಬೇಕಿಲ್ಲ, ಕಣ್ಣು ಸರಿ ಇದ್ದರೆ ಸಾಕು. ಈ ಪರೀಕ್ಷೆ ಎಷ್ಟೋ ದೇಶಗಳ ರೈಲ್ವೆಗೆ ಹಬ್ಬಿತು. ಚಾದರ ನೇಯುವ ನಮ್ಮ ಮಗ್ಗದವರು, ಕಂಬಳಿ ನೇಯುವ ಕುರುಬರು ಇದರಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗುತ್ತಿದ್ದರೇನೋ. ಈಗ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಿಸುತ್ತಾರೆ. ಗಾಡಿ ನಡೆಸುವವರಿಗೆ ಕಣ್ಣಿನ ಪರೀಕ್ಷೆ ಎಲ್ಲರಿಗಿಂತ ಬಿಗಿ.

1928ರಲ್ಲಿ ಮುಂಬಯಿಯ ಬೋರಿಬಂದರಿನಿಂದ ಭಾಯಖಳೆಯವರೆಗೆ ಜಿ.ಐ.ಪಿ. ಬಣ್ಣದ ದೀಪದ ಸಿಗ್ನಲ್ ಹಾಕಿತು. ಹಗಲು ರಾತ್ರಿ ಒಂದೇ ಭಾಷೆ, ತಂತಿಯ ಜಗ್ಗಾಟವಿಲ್ಲ. ನಮ್ಮ ಸೊಲ್ಲಾಪುರ–ವಾಡಿ ಹಳಿಗೆ ಅದು ಬರಲು ಬಹಳ ವರ್ಷ ಹಿಡಿಯಿತು. ಈಗ ಈ ದಾರಿ ಜೋಡಿ ಹಳಿಯಾಗಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ, ಕೈಮರಗಳು ಹೋಗಿವೆ. ಬಣ್ಣದ ದೀಪ ನಾಲ್ಕು ಮಾತು ಆಡಬಲ್ಲದು. ಹಸಿರು: ಹೋಗು. ಎರಡು ಹಳದಿ: ಮುಂದಿನ ಸಿಗ್ನಲನ್ನು ವೇಗ ತಗ್ಗಿಸಿ ದಾಟಬೇಕಾದೀತು, ಎಚ್ಚರವಿರಲಿ. ಒಂದು ಹಳದಿ: ಮುಂದಿನದರಲ್ಲಿ ನಿಲ್ಲಲು ತಯಾರಾಗು. ಕೆಂಪು: ನಿಲ್ಲು. ಎರಡಕ್ಕಿಂತ ಒಂದು ಹಳದಿ ಹೆಚ್ಚು ಬಿಗಿ ಏಕೆ ಎಂದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಎರಡರಲ್ಲಿ ಒಂದು ದೀಪ ಸುಟ್ಟುಹೋದರೆ ಉಳಿಯುವುದು ಒಂದು ಹಳದಿ, ಅಂದರೆ ಇನ್ನೂ ಬಿಗಿಯಾದ ಮಾತು. ಕೆಟ್ಟರೂ "ಹೋಗು" ಎಂದು ಕೆಡಬಾರದು ಎಂಬ ಹಳೆಯ ಬುದ್ಧಿಯೇ ಇಲ್ಲಿಯೂ ಇದೆ.

ಎಂಜಿನ್ನಿನಲ್ಲಿ ಇಬ್ಬರು. ಹಿಂದೆ ಡ್ರೈವರ್, ಫೈರ್‌ಮನ್ ಎನ್ನುತ್ತಿದ್ದರು, ಈಗ ಲೋಕೊ ಪೈಲಟ್, ಸಹಾಯಕ ಲೋಕೊ ಪೈಲಟ್. ಹಿಂದಿನ ಗಾರ್ಡ್ 2022ರಿಂದ ಟ್ರೇನ್ ಮ್ಯಾನೇಜರ್ ಆಗಿದ್ದಾರೆ. ಸಿಗ್ನಲ್ ಕಂಡ ಕೂಡಲೇ ಇಬ್ಬರೂ ಒಬ್ಬರಿಗೊಬ್ಬರು ಅದನ್ನು ಕೂಗಿ ಹೇಳಬೇಕು. ಒಬ್ಬ "ಡಬಲ್ ಯೆಲ್ಲೋ" ಎಂದರೆ ಇನ್ನೊಬ್ಬ ತಾನೂ ನೋಡಿ "ಡಬಲ್ ಯೆಲ್ಲೋ" ಎನ್ನಬೇಕು. ಮನೆ ಮಾತು ಕನ್ನಡವೋ ಮರಾಠಿಯೋ ತೆಲುಗೋ, ಇದನ್ನು ಮಾತ್ರ ಎಲ್ಲರೂ ಒಂದೇ ರೀತಿ ಕೂಗುತ್ತಾರೆ. ರಾತ್ರಿ ಮೂರು ಗಂಟೆಗೆ ಜೋಂಪು ಹತ್ತುವಾಗ ಇದು ಮಂತ್ರ ಹೇಳಿದಂತೆ ಬಾಯಿಪಾಠವಾಗಿ ಬಿಡುವ ಅಪಾಯವೂ ಇದೆ, ಬಾಯಿ ಹೇಳುತ್ತದೆ, ಕಣ್ಣು ನೋಡಿರುವುದಿಲ್ಲ. ಹೊಸ ದಾರಿಗೆ ಹಾಕುವ ಮುಂಚೆ ಅವರನ್ನು ಆ ದಾರಿಯಲ್ಲಿ ಹಗಲೂ ರಾತ್ರಿಯೂ ಓಡಾಡಿಸಿ, ಯಾವ ತಿರುವಿನ ಹಿಂದೆ ಯಾವ ಸಿಗ್ನಲ್ ಅಡಗಿದೆ ಎಂದು ಕಲಿಸುತ್ತಾರೆ. ಕಲಿತೆ ಎಂದು ಅವರು ಸಹಿ ಹಾಕಬೇಕು.

ಕೆಂಪು ದಾಟಿದರೆ ಏನಾಗುತ್ತದೆ? ಅನಾಹುತ ಆಗದಿದ್ದರೂ ನೌಕರಿಯೇ ಹೋಗಬಹುದು. ಅನಾಹುತವಾದರೆ ಹೇಳುವುದೇ ಬೇಡ. 2012ರ ಮೇ 22ರ ನಸುಕಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ, ನಿಂತಿದ್ದ ಗೂಡ್ಸ್ ಗಾಡಿಗೆ ಹೊಡೆಯಿತು. ಸುಮಾರು 25 ಜನ ತೀರಿಕೊಂಡರು. ದುಡಿಯಲು ಹೊರಟ ನಮ್ಮ ಉತ್ತರ ಕರ್ನಾಟಕದ ಕಡೆಯವರ ಗಾಡಿ ಅದು.

ಆದ್ದರಿಂದ ಗಾಡಿ ಔಟರಿನಲ್ಲಿ ನಿಂತಾಗ, ಊರು ಕಣ್ಣಿಗೆ ಕಾಣುತ್ತಿದೆ, ಬಿಡಬಾರದೇ ಎಂದು ಡ್ರೈವರನಿಗೆ ಬೈಯುವುದು ನ್ಯಾಯವಲ್ಲ. ಅವನಿಗೆ ಊರು ಕಾಣುತ್ತದೆ, ಹಳಿಯ ಮೇಲೆ ಯಾವ ಗಾಡಿ ಇದೆ ಎಂಬುದು ಕಾಣುವುದಿಲ್ಲ. ಫಾಟಕದ ವಿಷಯವೂ ಹೀಗೆಯೇ. ಸಿಗ್ನಲಿಗೆ ಬೆಸೆದ ಫಾಟಕ ಮುಚ್ಚದೆ ಗಾಡಿಗೆ ದಾರಿ ಸಿಗದು. "ಕಾಕಾ, ಕಬ್ಬಿನ ಗಾಡಿ ಐತಿ, ಒಂದೇ ಒಂದು ಮಿನಿಟು ತೆಗೀರಿ" ಎಂದು ಗೇಟಿನವರಿಗೆ ದುಂಬಾಲು ಬಿದ್ದರೆ, ಅಲ್ಲಿ ದೂರದಲ್ಲಿ ಸಾವಿರ ಜನರ ಗಾಡಿ ಕೆಂಪಿಗೆ ನಿಂತಿರುತ್ತದೆ.

ಸಿಗ್ನಲೇ ಸುಳ್ಳು ಹೇಳಿದರೆ? 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಬಹನಗಾ ಬಜಾರ್ ಸ್ಟೇಷನ್ನಿನಲ್ಲಿ ಅದೇ ಆಯಿತು. ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ನೇರ ಹಳಿಯ ಹಸಿರು ಸಿಕ್ಕಿತ್ತು, ಆದರೆ ಕೂಡುಕೊಂಡಿ ಅದಿರಿನ ಗಾಡಿ ನಿಂತಿದ್ದ ಪಕ್ಕದ ಹಳಿಗೆ ತಿರುಗಿತ್ತು. ಫಾಟಕದ ಕೆಲಸಕ್ಕಾಗಿ ಸಿಗ್ನಲಿನ ವಿದ್ಯುತ್ ಜೋಡಣೆಯಲ್ಲಿ ಮಾಡಿದ ಬದಲಾವಣೆಗಳಲ್ಲಿ ಲೋಪವಿತ್ತೆಂದು ವಿಚಾರಣೆಯಲ್ಲಿ ಹೊರಬಂತು. 290ಕ್ಕೂ ಹೆಚ್ಚು ಜನ ಸತ್ತರು. ಎಂಜಿನ್ನಿನಲ್ಲಿದ್ದವರು ಹಸಿರನ್ನು ನಂಬಿದರು, ನಂಬಲೇಬೇಕಿತ್ತು. ಒಂದೂವರೆ ಶತಮಾನದಿಂದ ಕಟ್ಟಿಕೊಂಡು ಬಂದ "ಕೆಟ್ಟರೂ ನಿಲ್ಲು ಎನ್ನಬೇಕು" ಎಂಬ ನೇಮವನ್ನು ಮನುಷ್ಯರ ಅವಸರದ ಕೈ ಮುರಿಯಬಲ್ಲದು ಎಂದು ಅಂದು ಕಂಡಿತು.

ನಮ್ಮ ನೆರೆಯ ವಾಡಿ, ವಿಕಾರಾಬಾದ್, ಬೀದರ ಹಳಿಗಳಲ್ಲೇ ಕವಚ ಎಂಬ ಸ್ವದೇಶಿ ಉಪಕರಣದ ಪ್ರಯೋಗ ನಡೆಯಿತು. 2016ರಲ್ಲಿ ಪ್ರಯಾಣಿಕರ ಗಾಡಿಗಳ ಮೇಲೆ ಪರೀಕ್ಷಿಸಿದರು. ಮುಂದಿನ ಸಿಗ್ನಲ್ ಎಂಜಿನ್ನಿನ ಒಳಗೇ ಕಾಣುತ್ತದೆ, ಕೆಂಪಿನ ಕಡೆ ಹೋಗುತ್ತಾ ಚಾಲಕ ಬ್ರೇಕ್ ಹಾಕದಿದ್ದರೆ ಉಪಕರಣವೇ ಹಾಕುತ್ತದೆ. 2020ರಲ್ಲಿ ಇದನ್ನು ಇಡೀ ದೇಶಕ್ಕೆಂದು ಒಪ್ಪಿಕೊಂಡರು. ಎಲ್ಲ ಹಳಿಗಳಿಗೂ ಅದು ಮುಟ್ಟುವ ತನಕ ಮನುಷ್ಯರ ಕಣ್ಣೇ ಕವಚ.

ಕೊನೆಯದಾಗಿ, ಹಳಿಯ ಪಕ್ಕ ಹೊಲ ಇರುವವರು ಕೇಳಿಟ್ಟುಕೊಳ್ಳಬೇಕಾದ ಒಂದು ಸಿಗ್ನಲ್ ಇದೆ. ಹಳಿ ಮುರಿದದ್ದು, ಮಳೆಗೆ ದಿಬ್ಬ ಕುಸಿದದ್ದು, ಎಮ್ಮೆಯೋ ಟ್ರ್ಯಾಕ್ಟರೋ ಹಳಿಯ ಮೇಲೆ ಸಿಕ್ಕಿಬಿದ್ದದ್ದು ಕಂಡರೆ ಗಾಡಿ ಬರುವ ದಿಕ್ಕಿಗೆ ಹಳಿಯಿಂದ ದೂರ ಸರಿದು ಓಡಬೇಕು. ಕೆಂಪು ಬಟ್ಟೆ ಇದ್ದರೆ ಬೀಸಬೇಕು. ಇಲ್ಲದಿದ್ದರೆ ಎರಡೂ ಕೈಗಳನ್ನು ತಲೆಯ ಮೇಲೆ ನೇರ ಎತ್ತಿ ನಿಲ್ಲಬೇಕು, ರಾತ್ರಿಯಾದರೆ ಬ್ಯಾಟರಿಯನ್ನು ಅಡ್ಡಡ್ಡಲಾಗಿ ಜೋರಾಗಿ ಬೀಸಬೇಕು. ರೈಲ್ವೆಯ ನಿಯಮದಲ್ಲಿ ಇದು "ನಿಲ್ಲು" ಎಂಬ ಸನ್ನೆ. ಹಳಿ ಕಾಯುವ ಗ್ಯಾಂಗ್‌ಮನ್ ಇಂಥ ಹೊತ್ತಿನಲ್ಲಿ 600 ಮೀಟರಿಗೆ ಒಂದು, 1200 ಮೀಟರಿಗೆ ಮೂರು ಪಟಾಕಿ ಹಳಿಯ ಮೇಲಿಟ್ಟು ಗಾಡಿ ನಿಲ್ಲಿಸುತ್ತಾನೆ. ನಮ್ಮ ಹತ್ತಿರ ಪಟಾಕಿ ಇರುವುದಿಲ್ಲ, ಕಾಲಿದೆ. ಎಷ್ಟು ದೂರ ಓಡಿದರೆ ಅಷ್ಟು ಬ್ರೇಕಿಗೆ ಜಾಗ. ಗಾಡಿ ನಿಂತ ಮೇಲೆ ಎಂಜಿನ್ನಿನ ಕಿಟಕಿಯ ಕೆಳಗೆ ಹೋಗಿ, ಎಲ್ಲಿ ಏನಾಗಿದೆ ಎಂದು ಹೇಳಿದರೆ ಆಯಿತು. ಕನ್ನಡದಲ್ಲಾದರೂ ಸರಿ, ಮರಾಠಿಯಲ್ಲಾದರೂ ಸರಿ.